ಸೊನ್ನೆ ಪಾಯಿಂಟ್ ಏಳು

ಶೀತಲಗೃಹದ ಕೆಲಸಗಾರರು ಅವಳನ್ನು ಪಾಯಿಂಟಕ್ಕ ಎಂದು ಕರೆಯುತ್ತಿದ್ದರು. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಅಷ್ಟರಮಟ್ಟಿಗೆ ಅದು ಮರ್ಯಾದೆಯ ಹೆಸರು. ಹದಿನಾರು ವರ್ಷಗಳಿಂದ ಅವಳು ದಿನಕ್ಕೆ ಮೂರು ಸಲ ಕಂಪ್ರೆಸರ್ ಕೋಣೆಗೆ ಹೋಗಿ, ತಂಪು ಮಾಡುವ ಅಮೋನಿಯಾ ಅಲ್ಲಿನ ಗಾಳಿಗೆ ಎಷ್ಟು ಸೋರಿದೆ ಎಂದು ಅಂಗೈಯಗಲದ ಒಂದು ಯಂತ್ರದಲ್ಲಿ ನೋಡಿ, ಬಂದ ಅಂಕಿಯನ್ನು ಸೊನ್ನೆ ಪಾಯಿಂಟ್ ಏಳರಿಂದ ಗುಣಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಿದ್ದಳು.

ಗುಣಿಸುವುದು ಯಾಕೆಂದರೆ ಯಂತ್ರಕ್ಕೂ ರಿಜಿಸ್ಟರಿಗೂ ಮಾತು ಹೊಂದುತ್ತಿರಲಿಲ್ಲ. ಯಂತ್ರ ತಲೆ ಎಣಿಸುತ್ತಿತ್ತು: ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಅಮೋನಿಯಾದವು ಎಷ್ಟು ಎಂದು. ಇದಕ್ಕೆ ಪಿಪಿಎಂ ಎನ್ನುತ್ತಾರೆ. ರಿಜಿಸ್ಟರಿಗೆ ತಲೆ ಬೇಡ, ತೂಕ ಬೇಕು: ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಎಂದು. ಅಮೋನಿಯಾದ ಅಣುತೂಕ ಹದಿನೇಳನ್ನು ಇಪ್ಪತ್ತನಾಲ್ಕೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಸೊನ್ನೆ ಪಾಯಿಂಟ್ ಏಳು ಬರುತ್ತದೆ. ಆ ಇಪ್ಪತ್ತನಾಲ್ಕೂವರೆ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಪಾಯಿಂಟಕ್ಕ "ಅದು ಇದೆ" ಎನ್ನುತ್ತಿದ್ದಳು. ಇತ್ತು ಕೂಡ. ಹಳೆಯ ಕೆಮಿಸ್ಟ್ ನಿವೃತ್ತನಾಗುವ ಮುಂಚೆ ಬರೆದುಕೊಟ್ಟ ಚೀಟಿಯನ್ನು ಅವಳು ತನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಅದರ ಪಕ್ಕದಲ್ಲಿ ಕಂಪನಿ ಕೊಟ್ಟ ಪ್ರಶಸ್ತಿಪತ್ರ: ಹದಿನೈದು ವರ್ಷ, ಒಮ್ಮೆಯೂ ಮಿತಿ ದಾಟಿಲ್ಲ. ಮಿತಿ ಎಂದರೆ ಹದಿನೇಳೂವರೆ ಮಿಲಿಗ್ರಾಂ. ಸಾಮಾನ್ಯವಾಗಿ ಯಂತ್ರ ಇಪ್ಪತ್ತು ತೋರಿಸುತ್ತಿತ್ತು, ಅವಳು ಹದಿನಾಲ್ಕು ಬರೆಯುತ್ತಿದ್ದಳು, ಜಗತ್ತು ಸುಖವಾಗಿತ್ತು.

ಹದಿನಾರು ವರ್ಷ ಒಂದೇ ಗುಣಾಕಾರ ಮಾಡುತ್ತಿದ್ದರೆ ಅದು ಸ್ವಭಾವಕ್ಕೆ ಇಳಿದುಬಿಡುತ್ತದೆ. ಮನೆಯಲ್ಲಿ ಯಜಮಾನರು "ಆ ಕಾಲದಲ್ಲಿ ಹತ್ತು ಕಿಲೋ ಮೀನು ಹಿಡಿದಿದ್ದೆ" ಎಂದರೆ ಪಾಯಿಂಟಕ್ಕ ಏಳು ಕಿಲೋ ಎಂದುಕೊಳ್ಳುತ್ತಿದ್ದಳು. ಪಕ್ಕದ ಮನೆಯಾಕೆ ತನ್ನ ಮಗನಿಗೆ ತೊಂಬತ್ತು ಅಂಕ ಬಂತು ಎಂದರೆ ಅರವತ್ತಮೂರು. ಜನ ಮಾತಿಗೆ ಉಪ್ಪುಖಾರ ಹಚ್ಚುವುದು ಸುಮಾರಾಗಿ ಇದೇ ಪ್ರಮಾಣದಲ್ಲಿ ಎಂಬುದು ಅವಳ ಅನುಭವ, ಮತ್ತು ಈ ಲೆಕ್ಕದಲ್ಲಿ ಅವಳು ಯಾವತ್ತೂ ಮೋಸಹೋಗಿರಲಿಲ್ಲ. ಸ್ವಂತ ಮಾತನ್ನು ಮಾತ್ರ ಗುಣಿಸಿಕೊಳ್ಳುತ್ತಿರಲಿಲ್ಲ.

ಅಳಿಯನ ವಿಷಯದಲ್ಲಂತೂ ಅವನು ಬಾಯಿ ತೆರೆಯುವ ಮೊದಲೇ ಗುಣಾಕಾರ ಶುರುವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ "ಎರಡು ತಿಂಗಳಲ್ಲಿ ಬೇರೆ ಮನೆ ಮಾಡ್ಕೋತೀವಿ ಅತ್ತೆ" ಎಂದಿದ್ದ ಪುಣ್ಯಾತ್ಮ ಒಂಬತ್ತು ವರ್ಷದಿಂದ ಅದೇ ಮನೆಯ ಹಿಂಬದಿಯ ಕೋಣೆಯಲ್ಲಿದ್ದ. ಕಂಪ್ರೆಸರ್ ಕೋಣೆಯ ಕೆಲಸವನ್ನೂ ಪಾಯಿಂಟಕ್ಕನೇ ಹೇಳಿ ಕೊಡಿಸಿದ್ದಳು. ಸಣಕಲ ಮನುಷ್ಯ, ಜಗಳಕ್ಕೆ ಬರುವವನಲ್ಲ, ಯಾರಾದರೂ ಬೈದರೆ ಬೈದವರಿಗೇ ನೀರು ತಂದುಕೊಡುವ ಜಾತಿ. ಇಂಥವನಲ್ಲಿ ಒಂದೇ ಒಂದು ಪ್ರತಿಭೆ ಇತ್ತು, ಅದು ಅವನ ಮೂಗಿನಲ್ಲಿತ್ತು.

ಕಂಪ್ರೆಸರ್ ಕೋಣೆಯಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಪಾಯಿಂಟಕ್ಕ ಯಂತ್ರ ಹಿಡಿದು ಒಳಗೆ ಕಾಲಿಟ್ಟ ಕೂಡಲೇ, ಅದನ್ನು ಚಾಲೂ ಮಾಡುವ ಮೊದಲು, ಅಲ್ಲಿರುವ ನಾಲ್ಕೂ ಜನ ಮೂಗೆತ್ತಿ ಒಮ್ಮೆ ಉಸಿರೆಳೆದು ಒಂದೊಂದು ಅಂಕಿ ಹೇಳಬೇಕು. ಯಂತ್ರದ ಅಂಕಿಗೆ ಅತಿ ದೂರ ಇದ್ದವನು ಎಲ್ಲರಿಗೂ ಟೀ ತರಿಸಬೇಕು. ಅಳಿಯ ಎಂಟೂವರೆ ವರ್ಷದಲ್ಲಿ ಒಮ್ಮೆಯೂ ಟೀ ತರಿಸಿರಲಿಲ್ಲ. ಅವನು ಹತ್ತೊಂಬತ್ತು ಎಂದರೆ ಯಂತ್ರವೂ ಹತ್ತೊಂಬತ್ತು ಎನ್ನುತ್ತಿತ್ತು. ಪಾಯಿಂಟಕ್ಕನ ಮೂಗು ಬಹಳ ವರ್ಷದಿಂದ ನೆಗಡಿಗೆ ಮೀಸಲಾಗಿದ್ದರಿಂದ ಅವಳು ಪಂದ್ಯಕ್ಕೆ ಸೇರುತ್ತಿರಲಿಲ್ಲ. ಅಳಿಯ ಗೆದ್ದಾಗಲೆಲ್ಲ "ಹೊಟ್ಟೆಪಾಡಿಗೆ ಆಗೋ ವಿದ್ಯೆಯಲ್ಲ" ಎನ್ನುತ್ತಿದ್ದಳು.

ಅವಳಿಗೂ ಒಂದು ವಿದ್ಯೆ ಇತ್ತು, ಹೊಲಿಗೆ. ಮನೆಯಲ್ಲಿ ರೇಡಿಯೋಗೆ ಕವರ್, ಟಿವಿ ರಿಮೋಟಿಗೆ ಕವರ್, ಯಜಮಾನರ ಕನ್ನಡಕದ ಡಬ್ಬಿಗೆ ಕವರ್, ಆ ಕವರ್ ಕೊಳೆಯಾಗದಿರಲು ಇನ್ನೊಂದು ಕವರ್. ಹೀಗಿರುವಾಗ ಕಂಪನಿಯ ಯಂತ್ರ ಬರಿಮೈಯಲ್ಲಿ ತಿರುಗುವುದನ್ನು ಅವಳು ನೋಡಿಕೊಂಡು ಸುಮ್ಮನಿರುತ್ತಾಳೆಯೇ? ಮೊದಲ ವಾರದಲ್ಲೇ ಹತ್ತಿ ತುಂಬಿದ ನೀಲಿ ಬಟ್ಟೆಯ ಅಂಗಿ ಹೊಲಿದಿದ್ದಳು. ಅಂಕಿ ಕಾಣುವಷ್ಟು ಜಾಗಕ್ಕೆ ಒಂದು ಕಿಟಕಿ, ಗುಂಡಿ ಒತ್ತಲು ಒಂದು ತೂತು, ಕೆಳಗೆ ಎರಡು ಬಟನ್. ಕಿಟಕಿಯ ಅಂಚಿಗೆ ಕೆಂಪು ದಾರದಲ್ಲಿ ಕಟ್ಟಿದ ಹೊಲಿಗೆ. ಹದಿನಾರು ವರ್ಷದಲ್ಲಿ ಯಂತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಗೀರು ಬೀಳಲಿಲ್ಲ ನಿಜ, ಆದರೆ ವಯಸ್ಸಾಯಿತು. ಒಂದು ಶನಿವಾರ ಸಂಜೆ ಹಳೆಯ ಯಂತ್ರ ಕಣ್ಣು ಮುಚ್ಚಿತು, ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆಯೇ ಹೊಸದು ಬಂತು. ತಂದವನು ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಅವಸರದ ಹುಡುಗಾಟದ ಮನುಷ್ಯ. ಮೇಜಿನ ಮೇಲಿಟ್ಟು ಏನೇನೋ ಒತ್ತಿ, "ಇನ್ಮೇಲೆ ನಿಮಗೇನೂ ಕೆಲಸ ಇಲ್ಲ ಅಮ್ಮ. ನಿಮ್ಮ ಫಾರಮ್ಮಿಗೆ ಸರಿಯಾಗಿ ಸೆಟ್ ಮಾಡಿದೀನಿ. ನೋಡಿ ಬರೆದ್ರೆ ಆಯ್ತು" ಎಂದ.

"ಹದಿನಾರು ವರ್ಷದಿಂದ ನೋಡಿಯೇ ಬರೀತಿರೋದು. ಕಣ್ಣು ಮುಚ್ಚಿಕೊಂಡಲ್ಲ" ಎಂದಳು ಪಾಯಿಂಟಕ್ಕ. ಅವನು ನಕ್ಕು, ಅವಳ ಸಹಿ ತೆಗೆದುಕೊಂಡು ಹೋದ. ಇವಳು ಹಳೆಯ ಅಂಗಿಯನ್ನು ಹೊಸ ಯಂತ್ರಕ್ಕೆ ತೊಡಿಸಿದಳು. ಅಳತೆ ತೆಗೆದು ಹೊಲಿದಂತೆ ಸರಿಯಾಗಿ ಕೂತಿತು. ಕಿಟಕಿಯಲ್ಲಿ ಅಂಕಿ ಚೆನ್ನಾಗಿ ಕಾಣುತ್ತಿತ್ತು.

ಅಂದಿನ ಪಂದ್ಯದಲ್ಲಿ ಅಳಿಯ ಇಪ್ಪತ್ತು ಎಂದ. ಯಂತ್ರ ಹದಿನಾಲ್ಕು ಎಂದಿತು. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಳಿಯ ಎಂಟೂವರೆ ವರ್ಷದಲ್ಲಿ ಮೊದಲ ಸಲ ಟೀ ತರಿಸಿದ. ಅದರ ಮರುದಿನವೂ ತರಿಸಿದ. ವಾರ ಕಳೆಯುವುದರೊಳಗೆ ಅದು ವಾಡಿಕೆಯಾಯಿತು.

ಪಾಯಿಂಟಕ್ಕ ಹದಿನಾಲ್ಕನ್ನು ಸೊನ್ನೆ ಪಾಯಿಂಟ್ ಏಳರಿಂದ ಗುಣಿಸಿ ಒಂಬತ್ತು ಪಾಯಿಂಟ್ ಎಂಟು ಬರೆದಳು. ರಿಜಿಸ್ಟರ್ ನೋಡಿದ ಮ್ಯಾನೇಜರ್ ಕುರ್ಚಿಯಿಂದಲೇ ಎದ್ದ. "ಒಂದಂಕಿಗೆ ಇಳಿದಿದೆಯಲ್ರೀ! ಹೊಸ ಯಂತ್ರದ ಕಾಲ್ಗುಣ ನೋಡಿ" ಎಂದ. ಯಂತ್ರ ಬದಲಾದರೆ ಗಾಳಿ ಯಾಕೆ ಶುದ್ಧವಾಗಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಒಳ್ಳೆಯ ಸುದ್ದಿಗೆ ಯಾರೂ ಕಾರಣ ಕೇಳುವುದಿಲ್ಲ. ಗಾಳಿ ಇಷ್ಟು ಚೆನ್ನಾಗಿರುವಾಗ ಕೊಳಕು ಗಾಳಿ ಹೊರಗೆ ಎಳೆಯುವ ಎರಡು ಫ್ಯಾನುಗಳು ದಂಡವೆಂದು ಮ್ಯಾನೇಜರ್ ಒಂದನ್ನು ನಿಲ್ಲಿಸಿದ. ಕರೆಂಟು ಉಳಿಯಿತು. ಮೇಲಿನ ಆಫೀಸಿನಿಂದ ಅವನಿಗೆ ಮೆಚ್ಚುಗೆಯ ಕಾಗದ ಬಂತು.

ಫ್ಯಾನ್ ನಿಂತ ಮೇಲೆ ಅಂಕಿ ನಿಧಾನವಾಗಿ ಏರಿತು. ಯಂತ್ರ ಹದಿನೆಂಟು, ಇಪ್ಪತ್ತೊಂದು, ಕೊನೆಗೆ ಇಪ್ಪತ್ತಮೂರು ತೋರಿಸಿತು. ಪಾಯಿಂಟಕ್ಕ ಗುಣಿಸಿ ಹದಿನಾರು ಚಿಲ್ಲರೆ ಬರೆದಳು. ಮಿತಿ ಹದಿನೇಳೂವರೆ. "ಒಂದೇ ಫ್ಯಾನಿನಲ್ಲೂ ಮಿತಿಯೊಳಗೇ ಇದೀವಿ" ಎಂದು ಮ್ಯಾನೇಜರ್ ಎದೆಯುಬ್ಬಿಸಿದ.

ಅಳಿಯ ಮಾತ್ರ ಕೆಮ್ಮತೊಡಗಿದ. ಉಳಿದ ಮೂವರಿಗೆ ಒಳಗೂ ಹೊರಗೂ ಓಡಾಡುವ ಕೆಲಸ. ಅವರ ಕಣ್ಣೂ ಉರಿಯುತ್ತಿತ್ತು, ಆದರೆ ಅಂಕಿ ಚೆನ್ನಾಗಿದೆ ಎಂದ ಮೇಲೆ ಕಣ್ಣಿನ ಮಾತನ್ನು ಯಾರು ಕೇಳುತ್ತಾರೆ? ಅಳಿಯನಿಗೆ ಮೂರನೇ ಕಂಪ್ರೆಸರಿನ ಮುಂದೆ ಎಂಟು ಗಂಟೆ ನಿಲ್ಲುವ ಕೆಲಸ. ಸಂಜೆ ಮನೆಗೆ ಬಂದರೆ ಕಣ್ಣು ಕೆಂಪು, ಗಂಟಲು ಒಡೆದ ಮಡಕೆ. ಊಟದ ತಟ್ಟೆಯ ಮುಂದೆ ಕೂತು, "ಅತ್ತೆ, ಗಾಳಿ ಮೂವತ್ತು ದಾಟಿದೆ. ಮೂವತ್ತಮೂರು ಇರ್ಬೇಕು. ನಿಜವಾಗ್ಲೂ" ಎನ್ನುತ್ತಿದ್ದ.

"ಮೂವತ್ತಮೂರಕ್ಕೆ ಸೊನ್ನೆ ಪಾಯಿಂಟ್ ಏಳು ಇಪ್ಪತ್ತಮೂರು. ಯಂತ್ರವೂ ಅದನ್ನೇ ಹೇಳುತ್ತೆ. ನಿಮ್ಮ ಮಾತು ಮಾಮೂಲಿನಷ್ಟೇ ಜಾಸ್ತಿ ಇದೆ" ಎಂದಳು ಪಾಯಿಂಟಕ್ಕ. ಇದು ಅವಳಿಗೆ ಬಹಳ ಸಮಾಧಾನ ಕೊಟ್ಟ ಲೆಕ್ಕ. ಮಗಳು ತಟ್ಟೆಯನ್ನು ಸ್ವಲ್ಪ ಸದ್ದು ಮಾಡಿಯೇ ಎತ್ತಿಕೊಂಡು ಹೋದಳು.

ಹೊಸ ಯಂತ್ರ ಬಂದ ಹದಿನೆಂಟನೇ ವಾರದಲ್ಲಿ ಅಳಿಯ ಜೀವಮಾನದಲ್ಲಿ ಮೊದಲ ಸಲ ಒಂದು ಧೈರ್ಯದ ಕೆಲಸ ಮಾಡಿದ. ಕಂಪ್ರೆಸರ್ ಕೋಣೆಯ ಗಾಳಿ ಕೆಟ್ಟಿದೆ, ನಿಲ್ಲಿಸಿದ ಫ್ಯಾನ್ ಹಾಕಿಸಬೇಕು ಎಂದು ಮೇಲಿನ ಆಫೀಸಿಗೆ ಅರ್ಜಿ ಬರೆದ. ಅರ್ಜಿ ಸೀದಾ ಮ್ಯಾನೇಜರನ ಮೇಜಿಗೆ ವಾಪಸು ಬಂತು, ಜೊತೆಗೆ ಒಂದು ಪ್ರಶ್ನೆ: ನಿಜವೇ? ಮ್ಯಾನೇಜರ್ ಉರಿದುಬಿದ್ದ. ಸುಳ್ಳು ದೂರು ಕೊಟ್ಟು ಕಂಪನಿಯ ಹೆಸರು ಕೆಡಿಸಿದ ತಪ್ಪಿಗೆ ಸೋಮವಾರ ವಿಚಾರಣೆ, ಸಾಬೀತಾದರೆ ಕೆಲಸದಿಂದ ವಜಾ, ಸಾಕ್ಷಿ ಪಾಯಿಂಟಕ್ಕನ ರಿಜಿಸ್ಟರ್.

"ನಿಮಗೆ ಸ್ವಲ್ಪ ಕಷ್ಟ ಆಗಬಹುದು. ಸ್ವಂತ ಅಳಿಯ" ಎಂದ ಮ್ಯಾನೇಜರ್.

"ರಿಜಿಸ್ಟರಿಗೆ ನೆಂಟರಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದಳು ಪಾಯಿಂಟಕ್ಕ. ಹೇಳಿದ ಮೇಲೆ ಆ ಮಾತು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಮೆಟ್ಟಿಲಿಳಿಯುವಾಗ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಸೋಮವಾರ ಮೇಲಿನ ಆಫೀಸಿನಿಂದ ಇನ್ಸ್‌ಪೆಕ್ಟರ್ ಬರುತ್ತಾರೆ, ಯಂತ್ರವನ್ನೂ ನೋಡುತ್ತಾರೆ. ಬರುವವರ ಮುಂದೆ ಕೊಳೆ ಅಂಗಿಯ ಯಂತ್ರ ಇಡಲು ಸಾಧ್ಯವೇ? ಶನಿವಾರ ಬೆಳಗಿನ ಓದು, ಅಂದರೆ ಅಂಕಿ ನೋಡಿ ಬರೆಯುವ ಕೆಲಸ, ಮುಗಿದ ಮೇಲೆ ಪಾಯಿಂಟಕ್ಕ ಬಟನ್ ಬಿಚ್ಚಿ ಅಂಗಿ ತೆಗೆದು, ಸೋಪು ಹಚ್ಚಿ ಒಗೆದು, ಕಿಟಕಿಯ ಸರಳಿಗೆ ಒಣಹಾಕಿದಳು. ಮಧ್ಯಾಹ್ನ ಯಂತ್ರವನ್ನು ಬರಿಮೈಯಲ್ಲೇ ಹಿಡಿದುಕೊಂಡು ಹೋದಳು. ಇಪ್ಪತ್ತಮೂರು ಪಾಯಿಂಟ್ ನಾಲ್ಕು ಬಂತು. ಮೇಜಿಗೆ ಮರಳಿ, ಗುಣಿಸಿ, ಹದಿನಾರು ಪಾಯಿಂಟ್ ನಾಲ್ಕು ಬರೆದು ಸಹಿ ಹಾಕಿದಳು. ಆಮೇಲೆ ಯಂತ್ರ ಆರಿಸಲು ಕೈಗೆತ್ತಿಕೊಂಡಾಗ ಅಂಕಿಯ ಬಲಕ್ಕೆ, ಕೆಳಗಿನ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಅಕ್ಷರಗಳು ಕಂಡವು. ಕನ್ನಡಕ ಮೇಲೆ ಮಾಡಿ ನೋಡಿದಳು, ಕೆಳಗೆ ಮಾಡಿ ನೋಡಿದಳು. ಘನ ಮೀಟರಿಗೆ ಮಿಲಿಗ್ರಾಂ.

ಅಂಗಿಯ ಕಿಟಕಿಯ ಕೆಂಪು ಅಂಚು ಬರುತ್ತಿದ್ದದ್ದು ಸರಿಯಾಗಿ ಆ ಅಕ್ಷರಗಳ ಮೇಲೆ.

ಮೇಜಿನ ಮೇಲೆ ಕೈಯೂರಿ ಕೂತಳು. ಹೊಸ ಯಂತ್ರ ತಲೆ ಎಣಿಸುವುದನ್ನು ಬಿಟ್ಟು ತಾನೇ ತೂಕ ಹಾಕಿ ಹೇಳುತ್ತಿತ್ತು. ಸೆಟ್ ಮಾಡಿದವನು ಅದನ್ನೇ ಹೇಳಿದ್ದ. ತೂಕವನ್ನು ಇವಳು ಮತ್ತೊಮ್ಮೆ ತೂಕಕ್ಕೆ ಇಳಿಸುತ್ತಿದ್ದಳು. ಹಾಗಾದರೆ ಗಾಳಿಯಲ್ಲಿದ್ದದ್ದು ಹದಿನಾರಲ್ಲ, ಇಪ್ಪತ್ತಮೂರು ಮಿಲಿಗ್ರಾಂ. ಮಿತಿ ದಾಟಿ ಎಷ್ಟೋ ವಾರಗಳಾಗಿದ್ದವು. ಹಳೆಯ ಲೆಕ್ಕಕ್ಕೆ ತಿರುಗಿಸಿದರೆ, ಅಂದರೆ ಇಪ್ಪತ್ತಮೂರು ಪಾಯಿಂಟ್ ನಾಲ್ಕನ್ನು ಸೊನ್ನೆ ಪಾಯಿಂಟ್ ಏಳರಿಂದ ಭಾಗಿಸಿದರೆ, ಮೂವತ್ತಮೂರು ಪಿಪಿಎಂ ಚಿಲ್ಲರೆ.

ಮೂವತ್ತಮೂರು. ಊಟದ ತಟ್ಟೆಯ ಮುಂದೆ ಕೂತು ಅವನು ಹೇಳಿದ್ದ ಅಂಕಿ. ಮೊದಲ ದಿನದ ಇಪ್ಪತ್ತೂ ಸರಿಯೇ ಇತ್ತು. ಹತ್ತೊಂಬತ್ತು ವಾರಗಳಿಂದ ಆ ಮೂಗು ಒಂದು ದಿನವೂ ತಪ್ಪಿರಲಿಲ್ಲ, ಆದರೂ ದಿನಾ ಸೋತು ಟೀ ತರಿಸುತ್ತಿತ್ತು. ಫ್ಯಾನ್ ನಿಂತದ್ದೂ ಇವಳ ಒಂಬತ್ತು ಪಾಯಿಂಟ್ ಎಂಟನ್ನು ನಂಬಿ.

ಸಂಜೆಯ ಓದಿಗೆ ಅವಳು ಅರ್ಧ ಒಣಗಿದ ಅಂಗಿಯನ್ನೇ ಯಂತ್ರಕ್ಕೆ ತೊಡಿಸಿಕೊಂಡು ಹೋದಳು. ಯಂತ್ರ ಇಪ್ಪತ್ತಮೂರು ತೋರಿಸಿತು. ಮೇಜಿಗೆ ಬಂದು ರಿಜಿಸ್ಟರ್ ತೆರೆದಳು. ಆಮೇಲೆ ಹದಿನಾರು ಪಾಯಿಂಟ್ ಒಂದು ಎಂದು ಬರೆದು ಸಹಿ ಹಾಕಿದಳು. ಅಕ್ಷರ ಎಂದಿನಂತೆ ದುಂಡಗೆ ಬಂತು. ಅದನ್ನು ನೋಡಿ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

ಭಾನುವಾರ ಬೆಳಿಗ್ಗೆ ಅಳಿಯ ಹಿತ್ತಲಲ್ಲಿ ಬಕೆಟ್ ಇಟ್ಟುಕೊಂಡು ಕಣ್ಣಿಗೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ಪಾಯಿಂಟಕ್ಕ ಬಟ್ಟೆ ಹರವುವ ನೆಪದಲ್ಲಿ ಹತ್ತಿರ ನಿಂತಳು. ಹೇಳಬೇಕೆಂದು ರಾತ್ರಿಯೇ ನಿರ್ಧಾರ ಮಾಡಿದ್ದಳು. ಹೇಳಬಾರದೆಂದೂ ಮಾಡಿದ್ದಳು. ನಿವೃತ್ತಿಗೆ ಇನ್ನು ಎರಡು ವರ್ಷ. ಹೇಳಿದರೆ ರಿಜಿಸ್ಟರ್ ಹೋಗುತ್ತದೆ, ಹೆಸರು ಹೋಗುತ್ತದೆ, ಗೋಡೆಯ ಪ್ರಶಸ್ತಿಪತ್ರ ಜನರ ಬಾಯಿಗೆ ಬೀಳುತ್ತದೆ. ಹೇಳದಿದ್ದರೆ ಈ ಬಕೆಟ್ಟಿನ ಮುಂದೆ ಕೂತವನ ಕೆಲಸ ಹೋಗುತ್ತದೆ.

ಅವನೇ ಮೊದಲು ಮಾತಾಡಿದ. "ಅತ್ತೆ, ನೀವು ನಾಳೆಯ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಾನು ಯೋಚನೆ ಮಾಡಿದೆ. ತಪ್ಪಾಯ್ತು ಅಂತ ಕೇಳ್ಕೊಂಡುಬಿಡ್ತೀನಿ. ಎಚ್ಚರಿಕೆ ಕೊಟ್ಟು ಬಿಡ್ತಾರೆ ಅಂತ ಮ್ಯಾನೇಜರ್ ಹೇಳಿ ಕಳಿಸಿದ್ದಾರೆ."

"ತಪ್ಪಾಯ್ತು ಅಂದ್ರೆ?"

"ನನ್ನ ಮೂಗು ಕೆಟ್ಟಿದೆ. ನಾಲ್ಕು ತಿಂಗಳಿಂದ ಒಂದು ದಿನವೂ ಸರಿ ಹೇಳಿಲ್ಲ. ಯಂತ್ರಕ್ಕೆ ನನ್ನ ಮೇಲೇನು ದ್ವೇಷ? ನೀವಂತೂ ತಪ್ಪು ಬರೆಯೋರಲ್ಲ." ಮುಖ ಒರೆಸಿಕೊಂಡು ಸಣ್ಣದಾಗಿ ನಕ್ಕ. "ಕೆಮ್ಮು ನನ್ನ ಮೈಯ ದೋಷ ಇರಬಹುದು. ಚಿಕ್ಕಂದಿನಿಂದಲೂ ಸೂಕ್ಷ್ಮ ಅಂತ ನಮ್ಮಮ್ಮ ಹೇಳ್ತಿದ್ಲು."

ಬಾಗಿಲಲ್ಲಿ ನಿಂತಿದ್ದ ಮಗಳು, "ಈಗ ಸಮಾಧಾನ ಆಯ್ತಾ ಅಮ್ಮ?" ಎಂದು ಒಳಗೆ ಹೋದಳು.

ಸಮಾಧಾನ ಆಗಬೇಕಿತ್ತು. ಎಲ್ಲ ದಾರಿಯೂ ತಾನಾಗಿ ಸುಗಮವಾಗಿತ್ತು. ಅವನ ಕೆಲಸವೂ ಉಳಿಯುತ್ತದೆ, ಇವಳ ಹೆಸರೂ ಉಳಿಯುತ್ತದೆ. ಮುಂದಿನ ವಾರದಿಂದ ಗುಣಿಸುವುದು ಬಿಟ್ಟು, ಅಂಕಿ ಏರಿತು ಎಂದು ಗಾಬರಿ ತೋರಿಸಿ ಫ್ಯಾನ್ ಹಾಕಿಸಬಹುದು. ಯಾರಿಗೂ ಎಳ್ಳಷ್ಟೂ ಗೊತ್ತಾಗುವುದಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ಬೈದಿದ್ದರೆ, ಜಗಳ ಆಡಿದ್ದರೆ ಮುಚ್ಚಿಕೊಂಡೇ ಇರುತ್ತಿದ್ದಳೋ ಏನೋ. ಹೋಗಿಹೋಗಿ ಅವನು ಇವಳನ್ನು ನಂಬಿಬಿಟ್ಟಿದ್ದ. ಅದೂ ಒಂದಿಷ್ಟೂ ಕಡಿತ ಮಾಡದೆ.

ಸೋಮವಾರ ಹತ್ತು ಗಂಟೆಗೆ ಮ್ಯಾನೇಜರನ ಕೋಣೆಯಲ್ಲಿ ವಿಚಾರಣೆ. ಇನ್ಸ್‌ಪೆಕ್ಟರ್ ದಪ್ಪ ಕನ್ನಡಕದ ಹೆಂಗಸು, ಮಾತು ಕಡಿಮೆ, ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಜಾಸ್ತಿ. ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಗೆ ಒತ್ತಿ ನಿಂತಿದ್ದ. ಪಾಯಿಂಟಕ್ಕ ಕೈಯಲ್ಲಿ ರಿಜಿಸ್ಟರ್ ಹಿಡಿದು, ಅಂಗಿ ಇಲ್ಲದ ಯಂತ್ರವನ್ನು ಅದರ ಮೇಲಿಟ್ಟುಕೊಂಡು ಬಂದಳು.

"ಸಾರ್, ನಾನು ಬರೆದ ಅರ್ಜಿ..." ಎಂದು ಅಳಿಯ ಶುರುಮಾಡಿದ.

"ನಿಲ್ಲಿ" ಎಂದಳು ಪಾಯಿಂಟಕ್ಕ. "ಬೆಳಗಿನ ಓದು ಇನ್ನೂ ಆಗಿಲ್ಲ. ಮೊದಲು ಅದು."

"ಆಮೇಲೆ ಮಾಡಿ. ಈಗ ಏನವಸರ?" ಎಂದ ಮ್ಯಾನೇಜರ್.

"ಹದಿನಾರು ವರ್ಷದಲ್ಲಿ ಒಂದು ಓದೂ ತಪ್ಪಿಸಿಲ್ಲ. ಮೇಡಂ ಕೂಡ ಬರಲಿ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ ಎದ್ದಳು. ಆಕೆ ಎದ್ದ ಮೇಲೆ ಮ್ಯಾನೇಜರ್ ಕೂತಿರುವಂತಿರಲಿಲ್ಲ. ಎಲ್ಲರೂ ಕಂಪ್ರೆಸರ್ ಕೋಣೆಗೆ ಹೋದರು. ಒಳಗೆ ಕಾಲಿಟ್ಟ ಕೂಡಲೇ ಇನ್ಸ್‌ಪೆಕ್ಟರ್ ಕರವಸ್ತ್ರ ಹುಡುಕಿದಳು. ಮ್ಯಾನೇಜರ್ ಕಣ್ಣು ಪಿಳಿಪಿಳಿ ಮಾಡುತ್ತ, ನೀರು ಬರುತ್ತಿಲ್ಲವೆಂಬಂತೆ ನಿಂತ. ಅಲ್ಲಿದ್ದ ಮೂವರು ಕೆಲಸಗಾರರು ಇಷ್ಟು ಜನರನ್ನು ನೋಡಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ಇಲ್ಲಿಯ ಪದ್ಧತಿ, ಮೇಡಂ. ಯಂತ್ರ ಹಚ್ಚೋ ಮೊದಲು ಊಹೆ ಹೇಳಬೇಕು" ಎಂದಳು ಪಾಯಿಂಟಕ್ಕ. ಅಳಿಯನ ಕಡೆ ತಿರುಗಿದಳು. "ಹೇಳಿ."

"ಬೇಡ ಅತ್ತೆ."

"ಹೇಳಿ ಅಂದೆ."

ಅವನು ಸುತ್ತಲೂ ನೋಡಿದ. ಮೂಗೆತ್ತಿ ಉಸಿರೆಳೆದ, ಕೆಮ್ಮು ಬಂತು, ಕೆಮ್ಮಿ ಮುಗಿಸಿ ಇನ್ನೊಮ್ಮೆ ಎಳೆದ. "ಮೂವತ್ತನಾಲ್ಕು" ಎಂದು ನೆಲಕ್ಕೆ ಹೇಳಿದ. ಕೆಲಸಗಾರರಲ್ಲಿ ಒಬ್ಬ ಅಭ್ಯಾಸಬಲದಿಂದ "ಟೀ ಬಂತು" ಎಂದ.

ಪಾಯಿಂಟಕ್ಕ ಗುಂಡಿ ಒತ್ತಿದಳು. ಅಂಕಿ ಸ್ವಲ್ಪ ಹೊತ್ತು ಓಡಾಡಿ ನಿಂತಿತು. ಅವಳು ಅದನ್ನು ಇನ್ಸ್‌ಪೆಕ್ಟರಿನ ಕಣ್ಣ ಮುಂದೆ ಹಿಡಿದಳು.

"ಇಪ್ಪತ್ತಮೂರು ಪಾಯಿಂಟ್ ಎಂಟು" ಎಂದು ಓದಿದಳು ಆಕೆ.

"ಮೂಲೆಯಲ್ಲಿರೋದನ್ನೂ ಓದಿ."

"ಘನ ಮೀಟರಿಗೆ ಮಿಲಿಗ್ರಾಂ." ಇನ್ಸ್‌ಪೆಕ್ಟರ್ ಕನ್ನಡಕದ ಮೇಲಿಂದ ನೋಡಿದಳು. "ಮಿತಿ ಹದಿನೇಳೂವರೆ ಅಲ್ವಾ?"

"ಹೌದು. ಪಂದ್ಯ ಪಿಪಿಎಂನಲ್ಲಿ. ಇಪ್ಪತ್ತಮೂರು ಪಾಯಿಂಟ್ ಎಂಟನ್ನು ಸೊನ್ನೆ ಪಾಯಿಂಟ್ ಏಳರಿಂದ ಭಾಗಿಸಿದ್ರೆ ಮೂವತ್ತನಾಲ್ಕು. ಪಾಯಿಂಟ್ ಕೂಡ ಉಳಿಯಲ್ಲ." ಪಾಯಿಂಟಕ್ಕನ ದನಿ ರಿಜಿಸ್ಟರ್ ಓದುವ ದನಿಯೇ ಆಗಿತ್ತು. "ಹೊಸ ಯಂತ್ರ ತಾನೇ ತೂಕ ಮಾಡಿ ಹೇಳುತ್ತೆ. ನಾನು ಬಟ್ಟೆ ಹೊಲಿದು ಅದರ ಬಾಯಿ ಮುಚ್ಚಿದ್ದೆ. ಮೇಲಿಂದ ಇನ್ನೊಂದು ಸಲ ಗುಣಿಸಿದೆ. ಹತ್ತೊಂಬತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಮೂರು ಸಲ. ಮುನ್ನೂರ ನಲವತ್ತೆರಡು ಸಾಲು. ಅದರಲ್ಲಿ ಮುನ್ನೂರ ನಲವತ್ತೊಂದು ತಪ್ಪು."

"ಇನ್ನೊಂದು?" ಎಂದಳು ಇನ್ಸ್‌ಪೆಕ್ಟರ್.

"ಶನಿವಾರ ಸಂಜೆಯದು. ಅದು ಸುಳ್ಳು. ಗೊತ್ತಿದ್ದೂ ಬರೆದೆ."

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ, ಗಾಳಿ ಒಳಗೆ ಹೋಗಿ ಕೆಮ್ಮಿದ. ಇನ್ಸ್‌ಪೆಕ್ಟರ್ ನಿಂತುಹೋದ ಫ್ಯಾನಿನ ಕಡೆ ಕೈ ತೋರಿಸಿ "ಅದನ್ನು ಹಾಕಿ" ಎಂದಳು. ಮ್ಯಾನೇಜರ್ ಯಾರಿಗೂ ಹೇಳದೆ ತಾನೇ ಓಡಿಹೋಗಿ ಸ್ವಿಚ್ ಹಾಕಿದ. ನಾಲ್ಕು ತಿಂಗಳ ಧೂಳು ಅವನ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಉದುರಿತು.

ಅಳಿಯ ಮಾತ್ರ ಇದಾವುದನ್ನೂ ನೋಡುತ್ತಿರಲಿಲ್ಲ. "ಹಾಗಾದ್ರೆ ನನ್ನ ಮೂಗು..." ಎಂದ.

"ನಿಮ್ಮ ಮೂಗು ಸರಿಯಾಗಿದೆ" ಎಂದಳು ಪಾಯಿಂಟಕ್ಕ. "ಒಂದು ದಿನವೂ ತಪ್ಪಿಲ್ಲ." ಅಷ್ಟು ಹೇಳುವಾಗ ರಿಜಿಸ್ಟರಿನ ದನಿ ಕೈಕೊಟ್ಟಿತು. ಅವಳು ಯಂತ್ರವನ್ನು ಇನ್ಸ್‌ಪೆಕ್ಟರಿನ ಕೈಗಿಟ್ಟು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅಮೋನಿಯಾ ಕಾರಣ ಎಂದು ಯಾರು ಬೇಕಾದರೂ ನಂಬುವಂತಿತ್ತು.

ಆಮೇಲಿನದೆಲ್ಲ ನಿಯಮದ ಪ್ರಕಾರ ನಡೆಯಿತು. ಅಳಿಯನ ಮೇಲಿನ ದೂರು ವಜಾ ಆಯಿತು, ವೈದ್ಯರ ತಪಾಸಣೆಗೆ ಕಂಪನಿಯೇ ಕಳಿಸಿತು. ಮ್ಯಾನೇಜರನಿಗೆ ಇನ್ನೊಂದು ಕಾಗದ ಬಂತು, ಈ ಸಲ ಮೆಚ್ಚುಗೆಯದಲ್ಲ. ಪಾಯಿಂಟಕ್ಕ ಎರಡು ದಿನ ಕೂತು ಮುನ್ನೂರ ನಲವತ್ತೆರಡು ಸಾಲನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಒಂದೊಂದಕ್ಕೂ ಸಹಿ ಹಾಕಿದಳು. ಕಾರಣ ಬರೆಯುವ ಕಡೆ ಮುನ್ನೂರ ನಲವತ್ತೊಂದು ಸಲ "ಬಟ್ಟೆ" ಎಂದು ಬರೆದಳು, ಒಂದು ಸಲ "ನಾನು" ಎಂದು. ಆಮೇಲೆ ರಿಜಿಸ್ಟರ್ ಅವಳ ಕೈಬಿಟ್ಟಿತು. ಅವಳನ್ನು ಪೆಟ್ಟಿಗೆ ಎಣಿಸುವ ವಿಭಾಗಕ್ಕೆ ಹಾಕಿದರು. ಅಲ್ಲಿ ಸೇಬಿನ ಪೆಟ್ಟಿಗೆ ಒಂದು ಎಂದರೆ ಒಂದೇ, ಯಾವುದರಿಂದಲೂ ಗುಣಿಸುವಂತಿಲ್ಲ. ಪ್ರಶಸ್ತಿಪತ್ರವನ್ನು ಅವಳೇ ಗೋಡೆಯಿಂದ ಕಿತ್ತಳು. ಕೆಮಿಸ್ಟನ ಚೀಟಿ ಮಾತ್ರ ಅಂಟು ಬಿಡಲಿಲ್ಲ, ಅಲ್ಲೇ ಉಳಿಯಿತು. ಕಂಪ್ರೆಸರ್ ಕೋಣೆಯ ಮೂವರು ಸರದಿಯಂತೆ ಅಳಿಯನಿಗೆ ಟೀ ತರಿಸಿಕೊಡುತ್ತಿದ್ದಾರೆಂದು ಸುದ್ದಿ ಬಂತು.

ಮುಂದಿನ ಭಾನುವಾರ ಪಾಯಿಂಟಕ್ಕ ಬಟ್ಟೆ ಒಗೆಯಲು ಕೂತಳು. ನೆನೆಹಾಕುವ ಮೊದಲು ಜೇಬು ನೋಡುವುದು ಅವಳ ಅಭ್ಯಾಸ. ಅಳಿಯನ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಆಸ್ಪತ್ರೆಯ ಕಾಗದ ಸಿಕ್ಕಿತು. ಕೊಳವೆಯೊಳಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯ ಫಲಿತಾಂಶ. ಅವಳು ಅಂಕಿಯ ಜೊತೆ ಮೂಲೆಯಲ್ಲಿದ್ದ ಚಿಕ್ಕ ಅಕ್ಷರಗಳನ್ನೂ ಸೇರಿಸಿ ಪೂರ್ತಿ ಓದಿದಳು. ಈ ವಯಸ್ಸಿಗೆ, ಈ ಎತ್ತರಕ್ಕೆ ಇರಬೇಕಾದ ಉಸಿರು ನೂರು. ಇರುವುದು ಎಪ್ಪತ್ತು. ಕೆಳಗೆ ವೈದ್ಯರ ಕೈಬರಹ: ಆರು ತಿಂಗಳು ಔಷಧಿ, ಆಮೇಲೆ ನೋಡೋಣ.

ನೂರಕ್ಕೆ ಎಪ್ಪತ್ತು. ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಕಾಗದವನ್ನು ಮೊದಲಿದ್ದ ಹಾಗೇ ಮಡಚಿ ಕಪಾಟಿನಲ್ಲಿ ಅವನ ಬಟ್ಟೆಗಳ ಕೆಳಗೆ ಇಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಯಜಮಾನರು ಮೀನಿನ ಕಥೆ ಶುರುಮಾಡಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಪಾಯಿಂಟಕ್ಕ ಅಳಿಯನನ್ನು ಕೇಳಿದಳು:

"ಆಸ್ಪತ್ರೆಯಲ್ಲಿ ಊದಿಸಿದ್ರಂತಲ್ಲ. ಎಷ್ಟು ಬಂತು?"

ಅಳಿಯ ಹೆಂಡತಿಯ ಮುಖ ನೋಡಿದ, ಆಮೇಲೆ ಅತ್ತೆಯ ಮುಖ ನೋಡಿದ. ಅವನು ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ, ಕಿವಿ ಕೆಂಪಾಯಿತು.

"ನೂರಕ್ಕೆ ನೂರು ಅತ್ತೆ. ಏನೂ ಆಗಿಲ್ಲ ಅಂದ್ರು. ನೀವು ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ."

ಮಗಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಪಾಯಿಂಟಕ್ಕ ಅವನನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಹದಿನಾರು ವರ್ಷದ ಗುಣಾಕಾರ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ನೂರು" ಎಂದಳು. "ಸರಿ." ಮಗಳ ಕೈಯಿಂದ ಸೌಟು ತೆಗೆದುಕೊಂಡು, ತಾನೇ ಎದ್ದು ಅಳಿಯನಿಗೆ ಬಡಿಸಿದಳು.